ಸೂಯಿಸೈಡ್ ಜೋಡಿಯನ್ನು ಕೇಳಲು ಎಲ್ಲಿಂದ ಶುರು ಮಾಡಬೇಕು?

ಮೊದಲು ಹುಡುಕುವುದು ಹೇಗೆ ಅಂತ ಹೇಳಿಬಿಡುತ್ತೇನೆ. ನ್ಯೂಯಾರ್ಕಿನ ಈ ಸಂಗೀತ ಜೋಡಿಯ ಹೆಸರು ಸೂಯಿಸೈಡ್, ಅಂದರೆ ಆತ್ಮಹತ್ಯೆ. ಬರೀ ಅಷ್ಟನ್ನೇ ಫೋನಿನಲ್ಲಿ ಟೈಪ್ ಮಾಡಿದರೆ ಹಾಡಿಗಿಂತ ಮುಂಚೆ ಸಹಾಯವಾಣಿಯ ನಂಬರ್ ಬರುತ್ತದೆ. ಅದು ಬರಲೇಬೇಕು, ಅದರಲ್ಲಿ ತಪ್ಪೇನಿಲ್ಲ. ನೀವು ಅಲನ್ ವೆಗಾ, ಮಾರ್ಟಿನ್ ರೆವ್ ಅಂತ ಇಬ್ಬರ ಹೆಸರನ್ನೂ ಇಂಗ್ಲಿಷಿನಲ್ಲಿ ಸೇರಿಸಿ ಹುಡುಕಿ, ತಕ್ಷಣ ಸಿಗುತ್ತದೆ.

ಹೆಸರು ನೋಡಿ ಹಿಂದೆ ಸರಿಯಬೇಡಿ. 1970ರಲ್ಲಿ ಇವರು ಜೊತೆಯಾದಾಗ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು, ನ್ಯೂಯಾರ್ಕ್ ನಗರ ಕುಸಿಯುತ್ತಿತ್ತು. ತಾವು ಹೇಳುತ್ತಿರುವುದು ಯಾರೋ ಒಬ್ಬರ ಸಾವಿನ ಬಗ್ಗೆ ಅಲ್ಲ, ಒಂದು ಸಮಾಜ ತನ್ನನ್ನು ತಾನೇ ಕೊಂದುಕೊಳ್ಳುತ್ತಿರುವ ಬಗ್ಗೆ ಅಂತ ವೆಗಾ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಇವರ ಬಗ್ಗೆ ಬರೆಯುವವರೆಲ್ಲ ಗಲಾಟೆಯಿಂದ ಶುರು ಮಾಡುತ್ತಾರೆ. ವೇದಿಕೆಯ ಮೇಲೆ ವೆಗಾ ಬೈಕಿನ ಚೈನ್ ಬೀಸುತ್ತಿದ್ದರು, ಮೈ ಕೊಯ್ದುಕೊಳ್ಳುತ್ತಿದ್ದರು, ಜನ ಬಾಟಲಿ ಎಸೆಯುತ್ತಿದ್ದರು. ಎಲ್ಲ ನಿಜ. ಆದರೆ ಆ ಕಥೆಗಳನ್ನು ತಲೆಯಲ್ಲಿಟ್ಟುಕೊಂಡು ಕೇಳಲು ಕೂತರೆ ಕಿವಿಗೆ ಬರೀ ಕೂಗಾಟ ಕೇಳಿಸುತ್ತದೆ. ನನಗೆ ಆಗಿದ್ದೂ ಹಾಗೇ. ಗೆಳೆಯನೊಬ್ಬ ಮೊದಲ ದಿನವೇ ಇವರ ಅತಿ ಭಯಾನಕ ಹಾಡು ಹಾಕಿಬಿಟ್ಟ, ನಾನು ಎರಡು ವರ್ಷ ಇವರ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ರಾತ್ರಿ ಬಸ್ಸಿನಲ್ಲಿ ಯಾವುದೋ ಪಟ್ಟಿಯಲ್ಲಿ ತಾನಾಗಿಯೇ ‘ಶೆರಿ’ ಬಂತು. ಅದು ಅವರದೇ ಹಾಡು ಅಂತ ಗೊತ್ತಾದಾಗ ನಂಬಲಾಗಲಿಲ್ಲ. ಅಷ್ಟು ಮೆತ್ತನೆಯ ಪ್ರೇಮಗೀತೆ ಅದು.

ಹಾಗಾಗಿ ಶುರು ‘ಶೆರಿ’ಯಿಂದಲೇ ಮಾಡಿ. ರಾತ್ರಿ, ಇಯರ್‌ಫೋನ್ ಹಾಕಿಕೊಂಡು. ನಾಲ್ಕು ನಿಮಿಷವೂ ಇಲ್ಲ. ಹಿಂದೆ ಆರ್ಗನ್ ಗುಂಯ್ ಅನ್ನುತ್ತಿರುತ್ತದೆ, ಅದರ ಮೇಲೆ ಸಣ್ಣ ಗಂಟೆಗಳ ಹಾಗೆ ನಾಲ್ಕಾರು ಸ್ವರ ಉದುರುತ್ತವೆ, ವೆಗಾ ಪಕ್ಕದಲ್ಲೇ ಕೂತು ಪಿಸುಗುಡುವ ಹಾಗೆ ಹಾಡುತ್ತಾರೆ. ಪದಗಳು ಅರ್ಥವಾಗದಿದ್ದರೆ ಬಿಡಿ. ಜಾಸ್ತಿ ಪದಗಳೇ ಇಲ್ಲ. ಉಸಿರು ಕೇಳಿ, ಅದರಲ್ಲೇ ಹಾಡಿನ ಅರ್ಧ ಇದೆ.

ಇನ್ನು ಇಬ್ಬರ ಪರಿಚಯ. ಅಲನ್ ವೆಗಾ ಬ್ರೂಕ್ಲಿನ್‌ನವರು, ಹುಟ್ಟಿದ್ದು 1938ರಲ್ಲಿ. ಬ್ರೂಕ್ಲಿನ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಲು ಹೋಗಿ ಚಿತ್ರಕಲೆಗೆ ಬಂದವರು. ಬಲ್ಬು, ವೈರು, ಬೀದಿಯಲ್ಲಿ ಸಿಕ್ಕ ಗುಜರಿ ಸೇರಿಸಿ ಬೆಳಕಿನ ಶಿಲ್ಪ ಮಾಡುತ್ತಿದ್ದರು. 1969ರಲ್ಲಿ ಇಗ್ಗಿ ಪಾಪ್ ಅವರ ಸ್ಟೂಜಸ್ ಬ್ಯಾಂಡನ್ನು ನೋಡಿದ ಮೇಲೆ, ತಾನೂ ವೇದಿಕೆ ಹತ್ತಲೇಬೇಕು ಅಂತ ನಿರ್ಧರಿಸಿದರು. ಮೊದಲ ಆಲ್ಬಂ ಬಂದಾಗ ಅವರಿಗೆ 39 ವರ್ಷ. ರಾಕ್ ಲೋಕದಲ್ಲಿ ಆ ವಯಸ್ಸಿಗೆ ಜನ ನಿವೃತ್ತಿಯ ಮಾತಾಡುತ್ತಾರೆ, ಇವರು ಆಗ ಶುರು ಮಾಡಿದರು. ಮಾರ್ಟಿನ್ ರೆವ್ ಒಂಬತ್ತು ವರ್ಷ ಚಿಕ್ಕವರು, ಜಾಝ್‌ನವರು. ಲೆನ್ನಿ ಟ್ರಿಸ್ಟಾನೋ ಅನ್ನುವ ದೊಡ್ಡ ಪಿಯಾನೋ ಗುರುವಿನ ಹತ್ತಿರ ಕಲಿತವರು. ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು, ಅಲ್ಲಾಡದೆ ನಿಂತು ನುಡಿಸುವವರು ಅವರೇ. ಕಲಾವಿದರೇ ಸೇರಿ ನಡೆಸುತ್ತಿದ್ದ ಒಂದು ಜಾಗದಲ್ಲಿ ಇಬ್ಬರಿಗೂ ಪರಿಚಯವಾಯಿತು. ವೆಗಾ ಕೆಲವು ದಿನ ಮಲಗುತ್ತಿದ್ದದ್ದೂ ಅಲ್ಲೇ.

ಮೊದಮೊದಲು ಜೊತೆಗೊಬ್ಬ ಗಿಟಾರಿಸ್ಟ್ ಇದ್ದರು. ಆಮೇಲೆ ಗಿಟಾರ್ ಹೋಯಿತು, ಡ್ರಮ್ಮೂ ಉಳಿಯಲಿಲ್ಲ. ಉಳಿದದ್ದು ಒಂದು ದನಿ, ಒಂದು ಹಳೇ ಆರ್ಗನ್, ಸೀಬರ್ಗ್ ಕಂಪನಿಯ ಒಂದು ರಿದಮ್ ಪೆಟ್ಟಿಗೆ. ಆ ಪೆಟ್ಟಿಗೆ ರಾಕ್‌ಗಾಗಿ ಮಾಡಿದ್ದಲ್ಲ. ಮನೆಯಲ್ಲೋ ಹೋಟೆಲಿನಲ್ಲೋ ಒಬ್ಬರೇ ಆರ್ಗನ್ ನುಡಿಸುವವರಿಗೆ ತಾಳ ಕೊಡಲಿ ಅಂತ ಮಾಡಿದ್ದು, ವಾಲ್ಟ್ಸ್, ರುಂಬಾ ಅಂತೆಲ್ಲ ಗುಂಡಿಗಳಿರುತ್ತಿದ್ದವು. ನಮ್ಮಲ್ಲಿ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಕೀಬೋರ್ಡಿನ ತಾಳದ ಗುಂಡಿ ಒತ್ತಿ ಬಿಡುತ್ತಾರಲ್ಲ, ಆ ಜಾತಿಯದು. ರೆವ್ ಅದನ್ನು ಗಿಟಾರಿನ ಎಫೆಕ್ಟ್ ಪೆಡಲ್‌ಗಳ ಮೂಲಕ ಹಾಯಿಸಿದಾಗ ಅದು ಕಾರ್ಖಾನೆಯ ಯಂತ್ರದ ಹಾಗೆ ಬಡಿಯತೊಡಗಿತು.

ಇಲ್ಲಿ ನಿಮಗೊಂದು ಕೆಲಸ. ಮನೆಯಲ್ಲಿ ಕ್ಯಾಸಿಯೋ ಥರದ ಕೀಬೋರ್ಡ್ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಫೋನಿನಲ್ಲಿ ಉಚಿತ ಆಪ್ ಸಿಗುತ್ತದೆ. ಯಾವುದಾದರೂ ಒಂದು ತಾಳ ಹಾಕಿ, ಸ್ವಲ್ಪ ವೇಗ ಹೆಚ್ಚಿಸಿ. ಆರ್ಗನ್ ದನಿ ಇಟ್ಟುಕೊಂಡು ಎಡಗೈಯಲ್ಲಿ ಎರಡೇ ಎರಡು ಸ್ವರವನ್ನು ಒಂದಾದ ಮೇಲೊಂದು ನುಡಿಸುತ್ತಾ ಇರಿ. ಹತ್ತು ನಿಮಿಷ, ಬದಲಾಯಿಸಬಾರದು. ನಾನು ಅಕ್ಕನ ಮನೆಯಲ್ಲಿ ಅವಳ ಮಗನ ಕೀಬೋರ್ಡಿನಲ್ಲಿ ಮಾಡಿ ನೋಡಿದೆ. ಮೊದಲ ಎರಡು ನಿಮಿಷ ಬೇಜಾರು. ಮೂರನೇ ನಿಮಿಷಕ್ಕೆ ಬೆರಳು ನೋಯುತ್ತದೆ, ಮನಸ್ಸು ಬೇರೆ ಸ್ವರಕ್ಕೆ ಹೋಗೋಣ ಅಂತ ಜಗ್ಗುತ್ತದೆ. ‘ಅದು ಕೆಟ್ಟೋಯ್ತೇನೋ?’ ಅಂತ ಅಕ್ಕ ಅಡುಗೆಮನೆಯಿಂದ ಕೇಳಿದಳು. ಐದಾರು ನಿಮಿಷ ಆದಮೇಲೆ ಮಾತ್ರ ವಿಚಿತ್ರ. ಅದೇ ಎರಡು ಸ್ವರದ ನಡುವೆ ನಾನು ನುಡಿಸದೇ ಇರುವ ಇನ್ನೊಂದು ಕೇಳಿಸುತ್ತಿದೆ ಅನಿಸಿತು, ಪಕ್ಕದಲ್ಲಿ ಕೂತಿದ್ದ ಹುಡುಗ ತಾನಾಗಿಯೇ ಏನೋ ಗುನುಗತೊಡಗಿದ. ಜಾಝ್ ಅರೆದು ಕುಡಿದ ಮನುಷ್ಯ ರಾತ್ರಿಗಟ್ಟಲೆ ಇಷ್ಟನ್ನೇ ಯಾಕೆ ನುಡಿಸಿದರು ಅನ್ನುವುದು ಓದಿ ತಿಳಿಯುವ ವಿಷಯ ಅಲ್ಲ, ಬೆರಳಿನಿಂದ ತಿಳಿಯುವ ವಿಷಯ.

ನಮಗೆ ಇದು ಪೂರ್ತಿ ಹೊಸದೂ ಅಲ್ಲ, ಅಲ್ವಾ? ತತ್ವಪದ ಹಾಡುವವರ ಏಕತಾರಿ ನೆನಪಿಸಿಕೊಳ್ಳಿ. ತಂತಿ ಒಂದೇ, ಅದು ಎಲ್ಲಿಗೂ ಹೋಗುವುದಿಲ್ಲ. ಅದು ಅಲ್ಲೇ ಇರುವುದರಿಂದಲೇ ದನಿ ಎಲ್ಲಿ ಬೇಕಾದರೂ ಹೋಗಬಹುದು. ರೆವ್ ಆ ತಂತಿ, ವೆಗಾ ಆ ದನಿ. ಇವರನ್ನು ಕೇಳುವಾಗ ಕಿವಿಯನ್ನು ಮೊದಲು ರೆವ್ ಮೇಲೆ ಇಡಿ, ವೆಗಾ ತಾನಾಗಿಯೇ ಅರ್ಥವಾಗುತ್ತಾರೆ. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಈಗ ‘ಘೋಸ್ಟ್ ರೈಡರ್’ ಹಾಕಿ. ಎರಡೂವರೆ ನಿಮಿಷ. ಮಾರ್ವೆಲ್ ಕಾಮಿಕ್ಸಿನ ಬೈಕ್ ಸವಾರನ ಹೆಸರು, ಆದರೆ ಹಾಡಿನ ನಡುವೆ ಅಮೆರಿಕ ತನ್ನ ಹುಡುಗರನ್ನೇ ಕೊಲ್ಲುತ್ತಿದೆ ಅನ್ನುವ ಅರ್ಥದ ಸಾಲು ಬರುತ್ತದೆ. ಕೀಬೋರ್ಡ್ ಒಂದೇ ತುಣುಕನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ವೆಗಾ ಅವರ ದನಿಯಲ್ಲಿ ಎಲ್ವಿಸ್ ಪ್ರೀಸ್ಲಿಯ ಬಿಕ್ಕಳಿಕೆಯಂಥ ಎಳೆತ ಇದೆ, ಗಮನಿಸಿ. ಐವತ್ತರ ದಶಕದ ರಾಕ್ ಎಂಡ್ ರೋಲನ್ನು ಯಂತ್ರದ ಒಳಗಿಂದ ಹಾಡಿದ ಹಾಗೆ.

ಇದು ಇಷ್ಟವಾದರೆ 1977ರ ಕೊನೆಯಲ್ಲಿ ಬಂದ ಮೊದಲ ಆಲ್ಬಮನ್ನು ಪೂರ್ತಿ ಕೇಳಬಹುದು. ಏಳೇ ಹಾಡು, ಅರ್ಧ ಗಂಟೆ ಚಿಲ್ಲರೆ. ಬಿಳಿ ಕವರಿನ ಮೇಲೆ ರಕ್ತ ಒರೆಸಿದ ಹಾಗೆ ಕೆಂಪು ಇರುತ್ತದೆ, ಅದೇ. ಜೊತೆಯಾಗಿ ಏಳು ವರ್ಷ ಆಗಿದ್ದರೂ ಇವರದೊಂದು ಆಲ್ಬಂ ಬಂದಿರಲಿಲ್ಲ. ಕೊನೆಗೆ ಮುಂದೆ ಬಂದದ್ದು ಮಾರ್ಟಿ ಥೌ. ಹಿಂದೆ ನ್ಯೂಯಾರ್ಕ್ ಡಾಲ್ಸ್ ಬ್ಯಾಂಡಿನ ಮ್ಯಾನೇಜರ್ ಆಗಿದ್ದವರು, ರೆಡ್ ಸ್ಟಾರ್ ಅಂತ ಸಣ್ಣ ಸ್ವತಂತ್ರ ಲೇಬಲ್ ಶುರು ಮಾಡಿದ್ದರು. ಜೊತೆಗೆ ಕ್ರೇಗ್ ಲಿಯೋನ್, ರಮೋನ್ಸ್ ಬ್ಯಾಂಡಿನ ಮೊದಲ ಆಲ್ಬಂ ಮಾಡಿದವರು. ವೆಗಾ ಅವರ ದನಿ ಗೋಡೆಗೆ ಬಡಿದು ವಾಪಸ್ ಬರುವ ಹಾಗೆ ಕೇಳಿಸುತ್ತದಲ್ಲ, ಆ ಪ್ರತಿಧ್ವನಿಯ ಆಟ ಲಿಯೋನ್ ಅವರಿಗೆ ಜಮೈಕಾದ ರೆಗ್ಗೆ ಸಂಗೀತದ ಒಡನಾಟದಿಂದ ಬಂದದ್ದು.

ಆರನೇ ಹಾಡಿನ ಬಗ್ಗೆ ಮಾತ್ರ ನಿಂತು ಹೇಳಬೇಕು. ‘ಫ್ರ್ಯಾಂಕಿ ಟಿಯರ್‌ಡ್ರಾಪ್’, ಹತ್ತು ನಿಮಿಷ 26 ಸೆಕೆಂಡ್. ನನ್ನ ಗೆಳೆಯ ಮೊದಲ ದಿನ ಹಾಕಿದ್ದು ಇದೇ. ಫ್ರ್ಯಾಂಕಿಗೆ ಇಪ್ಪತ್ತು ವರ್ಷ, ಹೆಂಡತಿ, ಮಗು. ಕಾರ್ಖಾನೆಯಲ್ಲಿ ಎಷ್ಟು ದುಡಿದರೂ ಮನೆ ನಡೆಯುವುದಿಲ್ಲ. ಆಮೇಲೆ ಆಗುವುದು ಘೋರ. ಅವನು ಹೆಂಡತಿ, ಮಗುವನ್ನು ಕೊಂದು ತಾನೂ ಸಾಯುತ್ತಾನೆ. ವೆಗಾ ಕಿರುಚುವುದು ಕೇಳಿದರೆ ಮೈ ಜುಂ ಅನ್ನುತ್ತದೆ. ಮನಸ್ಸು ಸರಿ ಇಲ್ಲದ ದಿನ ಇದನ್ನು ಕೇಳಬೇಡಿ. ಒಬ್ಬರೇ ಇರುವಾಗಲೂ ಬೇಡ, ಯಾವತ್ತೂ ಕೇಳದೆ ಇದ್ದರೂ ಏನೂ ಕಳೆದುಕೊಳ್ಳುವುದಿಲ್ಲ. ಕೇಳುವುದಾದರೆ ಇಷ್ಟು ಗಮನಿಸಿ: ಹಾಡು ಅವನನ್ನು ರಾಕ್ಷಸ ಅನ್ನುವುದಿಲ್ಲ, ವೀರ ಅಂತಲೂ ಅನ್ನುವುದಿಲ್ಲ. ಕೊನೆಗೆ ನಾವೆಲ್ಲರೂ ಫ್ರ್ಯಾಂಕಿಗಳೇ ಅನ್ನುತ್ತದೆ. ಯಂತ್ರ ಮಾತ್ರ ಮೊದಲಿನಿಂದ ಕೊನೆವರೆಗೂ ಒಂದೇ ಸಮನೆ ಬಡಿಯುತ್ತಲೇ ಇರುತ್ತದೆ, ಶಿಫ್ಟ್ ಮುಗಿಯದ ಕಾರ್ಖಾನೆಯ ಹಾಗೆ. ಇದಾದ ಮೇಲೆ ‘ಚೆ’ ಬರುತ್ತದೆ, ಕೊನೆಯ ಹಾಡು, ಚರ್ಚಿನ ಪ್ರಾರ್ಥನೆಯಷ್ಟು ನಿಧಾನ. ಅಲ್ಲಿ ಉಸಿರು ಬಿಡಬಹುದು.

ಗಲಾಟೆಯ ಕಥೆಗಳಿಗೆ ಈಗ ಬರೋಣ, ಈಗ ಅವು ಬೇರೆ ಥರ ಕೇಳಿಸುತ್ತವೆ. 1978ರಲ್ಲಿ ಇವರು ಯುರೋಪಿನಲ್ಲಿ ಎಲ್ವಿಸ್ ಕಾಸ್ಟೆಲೋ, ಆಮೇಲೆ ದ ಕ್ಲ್ಯಾಶ್ ಬ್ಯಾಂಡಿಗಿಂತ ಮುಂಚೆ ವೇದಿಕೆ ಹತ್ತುತ್ತಿದ್ದರು. ಜೂನ್ 16ರಂದು ಬ್ರಸೆಲ್ಸ್‌ನಲ್ಲಿ ಜನ ಕೂಗಿದರು, ಮೈಕ್ ಕಿತ್ತುಕೊಂಡರು, 23 ನಿಮಿಷಕ್ಕೆ ಎಲ್ಲ ಮುಗಿಯಿತು. ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ಆ ರೆಕಾರ್ಡಿಂಗ್ ‘23 ಮಿನಿಟ್ಸ್ ಓವರ್ ಬ್ರಸೆಲ್ಸ್’ ಅಂತ ಮುಂದೆ ಮೊದಲ ಆಲ್ಬಮ್ಮಿನ ಮರುಮುದ್ರಣಗಳ ಜೊತೆ ಬಂತು. ಒಂದು ಸಲ ಕೇಳಿದರೆ ಸಾಕು. ಕೇಳುವಾಗ ಜನರ ಕೂಗಿನ ಅಡಿಯಲ್ಲಿ ರೆವ್ ಅವರ ತಾಳವನ್ನು ಹುಡುಕಿ. ಸುತ್ತ ಅಷ್ಟೆಲ್ಲ ನಡೆಯುತ್ತಿದ್ದರೂ ಅದು ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಗಿಟಾರ್ ಇಲ್ಲ, ಡ್ರಮ್ಮರ್ ಇಲ್ಲ, ಇಬ್ಬರೇ ನಿಂತಿದ್ದಾರೆ ಅನ್ನುವುದೇ ಆ ಜನರನ್ನು ಕೆರಳಿಸಿತ್ತು.

ಎರಡನೇ ಆಲ್ಬಂ 1980ರದು, ಝೆ ರೆಕಾರ್ಡ್ಸ್‌ನಿಂದ ಬಂದದ್ದು. ಅದರ ಹೆಸರೂ ಬ್ಯಾಂಡಿನ ಹೆಸರೇ ಆದ್ದರಿಂದ ಗೊಂದಲವಾಗುತ್ತದೆ, ಇಸವಿ ನೋಡಿ ಆರಿಸಿಕೊಳ್ಳಿ. ದ ಕಾರ್ಸ್ ಬ್ಯಾಂಡಿನ ರಿಕ್ ಒಕಾಸೆಕ್ ಮಾಡಿಸಿದ್ದು. ಅವರಿಗೆ ಈ ಜೋಡಿಯೆಂದರೆ ಪ್ರಾಣ. ಇದು ನುಣುಪಾದ ಆಲ್ಬಂ, ಕುಣಿಯಲೂ ಬರುತ್ತದೆ. ಕೆಲವರಿಗೆ ಮೊದಲನೆಯದಕ್ಕಿಂತ ಇದೇ ಇಷ್ಟ, ನನಗಲ್ಲ. ಆಮೇಲಿನ ಮೂರು, 1988ರ ‘ಎ ವೇ ಆಫ್ ಲೈಫ್’, 1992ರ ‘ವೈ ಬಿ ಬ್ಲೂ’, 2002ರ ‘ಅಮೆರಿಕನ್ ಸುಪ್ರೀಮ್’, ಅವಸರ ಇಲ್ಲದೆ ಕೇಳಿದರೆ ಸಾಕು. 2022ರಲ್ಲಿ ‘ಸರೆಂಡರ್’ ಅಂತ ಆಯ್ದ ಹಾಡುಗಳ ಸಂಗ್ರಹವೂ ಬಂದಿದೆ, ಒಳ್ಳೆಯದೇ. ಆದರೆ ಶುರು ಮಾಡಲು ಮೊದಲ ಆಲ್ಬಮ್ಮೇ ಸರಿ, ಅದರ ಹಾಡುಗಳನ್ನು ಕೇಳಬೇಕಾದ ಕ್ರಮದಲ್ಲೇ ಜೋಡಿಸಿದ್ದಾರೆ.

ಇವರಿಂದ ಯಾರ್ಯಾರು ಏನು ತೆಗೆದುಕೊಂಡರು ಅಂತ ನೋಡಿದರೂ ಪರಿಚಯ ಬೆಳೆಯುತ್ತದೆ. ಶ್ರೀಲಂಕಾ ತಮಿಳು ಮೂಲದ ಗಾಯಕಿ ಎಂಐಎ 2010ರಲ್ಲಿ ಮಾಡಿದ ‘ಬಾರ್ನ್ ಫ್ರೀ’ ಹಾಡಿನ ಬೆನ್ನೆಲುಬು ‘ಘೋಸ್ಟ್ ರೈಡರ್’ನ ಆ ತುಣುಕೇ. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ‘ನೆಬ್ರಾಸ್ಕ’ ಆಲ್ಬಮ್ಮಿನ ‘ಸ್ಟೇಟ್ ಟ್ರೂಪರ್’ನಲ್ಲಿ ಇದ್ದಕ್ಕಿದ್ದಂತೆ ಚೀರುವುದು ಫ್ರ್ಯಾಂಕಿಯ ಕಡೆಯಿಂದ ಬಂದದ್ದು. ಆಮೇಲೆ ಬ್ರಿಟನ್ನಿನಲ್ಲಿ ಒಬ್ಬರು ಹಾಡುವುದು ಒಬ್ಬರು ಯಂತ್ರ ನುಡಿಸುವುದು ಅನ್ನುವ ಜೋಡಿಗಳು ಎಷ್ಟೋ ಬಂದವು. ಸಾಫ್ಟ್ ಸೆಲ್ ಅದರಲ್ಲೊಂದು.

‘ಡ್ರೀಮ್ ಬೇಬಿ ಡ್ರೀಮ್’ ಅನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. 1979ರ ಸಿಂಗಲ್, ಇದೂ ಒಕಾಸೆಕ್ ಮಾಡಿಸಿದ್ದೇ. ಹೇಳುವುದು ಇಷ್ಟೇ, ಕನಸು ಕಾಣು, ಬಿಡಬೇಡ ಅಂತ. ಕೀಬೋರ್ಡ್ ಎಂದಿನ ಹಾಗೆ ಒಂದೇ ಸುತ್ತು ಹೊಡೆಯುತ್ತದೆ, ಆದರೆ ಇಲ್ಲಿ ಆ ಸುತ್ತು ಕಾರ್ಖಾನೆಯದಲ್ಲ, ತೊಟ್ಟಿಲು ತೂಗುವವರ ಕೈಯದು. 2005ರಲ್ಲಿ ಸ್ಪ್ರಿಂಗ್‌ಸ್ಟೀನ್ ಒಬ್ಬರೇ ಊರೂರು ತಿರುಗಿ ಹಾಡಿದಾಗ ಕಾರ್ಯಕ್ರಮವನ್ನು ಇದೇ ಹಾಡಿನಿಂದ ಮುಗಿಸುತ್ತಿದ್ದರು, ಪಂಪ್ ಆರ್ಗನ್ ನುಡಿಸುತ್ತಾ, ಅಂದರೆ ನಮ್ಮ ಹಾರ್ಮೋನಿಯಂನ ಬಂಧುವಿನ ಮುಂದೆ ಕೂತು. ಅದರ ವಿಡಿಯೋ ಸಿಕ್ಕರೆ ನೋಡಿ. ಅವರ ಕೈ ಎಷ್ಟು ಕಡಿಮೆ ಚಲಿಸುತ್ತದೆ ಅಂತ ಗಮನಿಸಿ, ಆಮೇಲೆ ಮೂಲ ಹಾಡಿಗೆ ವಾಪಸ್ ಬನ್ನಿ.

ವೆಗಾ 2016ರ ಜುಲೈನಲ್ಲಿ ತೀರಿಕೊಂಡರು, 78 ವರ್ಷವಾಗಿತ್ತು. ಮುಂದೆ ಹೋಗಬೇಕು ಅನಿಸಿದವರಿಗೆ ಇಬ್ಬರೂ ಬೇರೆ ಬೇರೆಯಾಗಿ ಮಾಡಿದ ಹಾಡುಗಳು ಬೇಕಾದಷ್ಟಿವೆ. ವೆಗಾ ಅವರದಾದರೆ 1980ರ ‘ಜೂಕ್‌ಬಾಕ್ಸ್ ಬೇಬ್’, ಫ್ರಾನ್ಸಿನಲ್ಲಿ ದೊಡ್ಡ ಹಿಟ್ ಆದದ್ದು. 2021ರಲ್ಲಿ ಹೊರಬಂದ ‘ಮ್ಯುಟೇಟರ್’ ಕೂಡ ಇದೆ, ತೊಂಬತ್ತರ ದಶಕದಲ್ಲಿ ಮಾಡಿ ಹಾಗೇ ಇಟ್ಟಿದ್ದ ಹಾಡುಗಳು. ರೆವ್ ಅವರ ಮೊದಲ ಸೋಲೋ ಆಲ್ಬಂ ಕೂಡ 1980ರದೇ. ಮೊದಲು ಅದನ್ನೇ ಹಾಕಿ. ದನಿ ಇಲ್ಲದ ಜಾಗದಲ್ಲಿ ಆ ಕೀಬೋರ್ಡ್ ಏನು ಮಾಡುತ್ತಿತ್ತು ಅಂತ ಅಲ್ಲಿ ಬಿಡಿಬಿಡಿಯಾಗಿ ಕೇಳಿಸುತ್ತದೆ.