ಬೆಂಡ್ ಮಾಡುವ ಕೈಯೇ ಮ್ಯೂಟ್ ಕೂಡ ಮಾಡಬೇಕು

ಎಲೆಕ್ಟ್ರಿಕ್ ಗಿಟಾರಿನಲ್ಲಿ ಬೆಂಡಿಂಗ್ (ತಂತಿ ತಳ್ಳಿ ಸ್ವರ ಏರಿಸುವುದು) ಒಂದು ಪಾಠ, ಮ್ಯೂಟಿಂಗ್ (ಬೇಡದ ತಂತಿಗಳು ಸದ್ದು ಮಾಡದಂತೆ ತಡೆಯುವುದು) ಇನ್ನೊಂದು ಪಾಠ ಅಂತ ಬೇರೆ ಬೇರೆಯಾಗಿ ಹೇಳಿಕೊಡುವುದೇ ಜಾಸ್ತಿ. ನಾನು ಎರಡನ್ನೂ ಒಟ್ಟಿಗೆ ಅಭ್ಯಾಸ ಮಾಡತೊಡಗಿದ ಮೇಲೆಯೇ ನನ್ನ ಲೀಡ್, ಅಂದರೆ ಒಂದೊಂದೇ ಸ್ವರವಾಗಿ ನುಡಿಸುವುದು, ಚೊಕ್ಕವಾಗಿದ್ದು.

ಶುರು ಮಾಡಿದ್ದು ಕಿವಿಯಿಂದ. ತಂತಿಯನ್ನು ಪಕ್ಕಕ್ಕೆ ತಳ್ಳಿದರೆ ಬಿಗಿ ಹೆಚ್ಚುತ್ತದೆ, ಸ್ವರ ಏರುತ್ತದೆ. ಆದರೆ ಎಷ್ಟು ತಳ್ಳಬೇಕು ಅನ್ನುವುದು ತಂತಿಯಿಂದ ತಂತಿಗೆ, ಫ್ರೆಟ್ಟಿನಿಂದ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳು) ಬೇರೆ. ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಹತ್ತಿರ ತುಂಬಾ ಬಲ ಬೇಕು, 12ನೇ ಫ್ರೆಟ್ಟಿನ ಆಸುಪಾಸು ಸಲೀಸು. ಹಾಗಾಗಿ ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ ಶ್ರುತಿಯನ್ನು 'ಎ'ಗೆ ಇಟ್ಟುಕೊಂಡೆ. ಎಲ್ಲಕ್ಕಿಂತ ತೆಳುವಾದದ್ದು ಒಂದನೇ ತಂತಿ. ಎರಡನೇ ತಂತಿಯ 8ನೇ ಫ್ರೆಟ್ 'ಜಿ'. ಅದನ್ನು ಪೂರ್ತಿ ಬೆಂಡ್ ಮಾಡಿದರೆ 10ನೇ ಫ್ರೆಟ್ಟಿನ 'ಎ' ಬರಬೇಕು, ಅಂದರೆ ನಿಷಾದದಿಂದ ಷಡ್ಜ. ಮೊದಲು 10ನೇ ಫ್ರೆಟ್ ನುಡಿಸಿ, ಆ ಸ್ವರವನ್ನು ಬಾಯಲ್ಲಿ ಹಾಡಿ, ಆಮೇಲೆ 8ರಿಂದ ಅಲ್ಲಿಗೆ ಏರುತ್ತಿದ್ದೆ. 9ನೇ ಫ್ರೆಟ್ಟಿನಿಂದಾದರೆ ಅರ್ಧ ಬೆಂಡ್ ಸಾಕು. ಟ್ಯೂನರ್ ನೋಡಿಕೊಂಡೂ ಮಾಡಬಹುದು, ಆದರೆ ಆಗ ಕೆಲಸವೆಲ್ಲ ಕಣ್ಣಿಗೆ ಹೋಗುತ್ತದೆ. ತಂಬೂರಿ ಇದ್ದರೆ ಸ್ವರ ಕೂಡದಿದ್ದಾಗ ತಾನಾಗಿಯೇ ಗೊತ್ತಾಗುತ್ತದೆ, ಕೂಡಿದಾಗ ಮನಸ್ಸಿಗೆ ಹಾಯೆನಿಸುತ್ತದೆ. ವೀಣೆಯವರು ತಂತಿ ಎಳೆದು ಗಮಕ ತೆಗೆಯುವುದನ್ನು ಹತ್ತಿರದಿಂದ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಲ ಬರಬೇಕಾದ್ದು ಮಣಿಕಟ್ಟಿನಿಂದ. ಉಂಗುರ ಬೆರಳು ಸ್ವರದ ಮೇಲೆ, ಅದರ ಹಿಂದೆ ಅದೇ ತಂತಿಯ ಮೇಲೆ ನಡುಬೆರಳು. ಹೆಬ್ಬೆರಳು ನೆಕ್ಕಿನ ಮೇಲಂಚನ್ನು ಹಿಡಿದಿರುತ್ತದೆ, ತೋರುಬೆರಳಿನ ಬುಡ ಕೆಳಂಚಿಗೆ ಒತ್ತಿರುತ್ತದೆ. ಬೀಗದಲ್ಲಿ ಕೀಲಿ ತಿರುಗಿಸುವ ಹಾಗೆ ಮಣಿಕಟ್ಟು ತಿರುಗಿದರೆ ತಂತಿ ತಾನೇ ಮೇಲೇರುತ್ತದೆ. ನಾನು ತೆಳು ತಂತಿಗಳ 9–42 ಸೆಟ್ (0.009ರಿಂದ 0.042 ಇಂಚು ದಪ್ಪ) ಹಾಕುತ್ತೇನೆ. ದಪ್ಪ ತಂತಿಯೇ ಒಳ್ಳೆಯದು ಅನ್ನುವವರಿದ್ದಾರೆ, ಆದರೆ ಕಲಿಯುವಾಗ ಬೆರಳು ನೋಯಿಸಿಕೊಂಡು ಲಾಭವಿಲ್ಲ.

ಇನ್ನು ತೋರುಬೆರಳು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ. ಎರಡನೇ ತಂತಿ ಬೆಂಡ್ ಮಾಡುವಾಗ ಈ ಬೆರಳಿನ ತುದಿ ಮೂರನೇ ತಂತಿಗೆ ಸುಮ್ನೆ ತಾಗಿರಬೇಕು, ಒಳಭಾಗ ಒಂದನೇ ತಂತಿಯ ಮೇಲೆ ಹಗುರವಾಗಿ ಮಲಗಿರಬೇಕು. ದಪ್ಪ ತಂತಿಗಳನ್ನು ಬಲಗೈ ಅಂಗೈಯ ಬುಡ ನೋಡಿಕೊಳ್ಳುತ್ತದೆ. ಇದು ಕೂತಿದೆಯಾ ಅಂತ ನೋಡಲು ಒಂದು ದಾರಿ ಇದೆ. ಒಂದೇ ಸ್ವರ ಹಿಡಿದು, ಪಿಕ್ಕನ್ನು ಆರೂ ತಂತಿಗಳ ಮೇಲೆ ಜೋರಾಗಿ ಎಳೆಯಿರಿ. ಆ ಒಂದು ಸ್ವರ ಮಾತ್ರ ಮೊಳಗಬೇಕು, ಉಳಿದವು ಬರೀ 'ಚಕ್' ಅನ್ನಬೇಕು. ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿಯೇ ಇದನ್ನು ಮಾಡಿ. ಕ್ಲೀನ್ ಟೋನಿನಲ್ಲಿ ಕೇಳದ ಸಣ್ಣ ಸದ್ದನ್ನೂ ಗೇನ್ (ಸಿಗ್ನಲ್ ಹಿಗ್ಗಿಸುವುದು) ಎತ್ತಿ ತೋರಿಸುತ್ತದೆ.

ಗಲಾಟೆ ಜಾಸ್ತಿ ಆಗುವುದು ಇಳಿಯುವಾಗ. ಮೇಲೇರುವ ಬೆರಳು ಮೂರನೇ ತಂತಿಯನ್ನೂ ತಳ್ಳಿಕೊಂಡು ಹೋಗಿರುತ್ತದೆ. ಬೆಂಡ್ ಇಳಿಸುವಾಗ ಆ ತಂತಿ ಬೆರಳ ತುದಿಯಿಂದ ಜಾರಿ 'ಟಂಯ್' ಅನ್ನುತ್ತದೆ. ಅದಕ್ಕೇ ನಾನು ಇಳಿಕೆಯನ್ನೇ ಬೇರೆಯಾಗಿ ಅಭ್ಯಾಸ ಮಾಡಿದೆ. ಸದ್ದಿಲ್ಲದೆ ಮೊದಲೇ ಬೆಂಡ್ ಮಾಡಿಟ್ಟು, ಆಮೇಲೆ ಪಿಕ್ ಹಾಕಿ, ನಿಧಾನಕ್ಕೆ 8ನೇ ಫ್ರೆಟ್ಟಿನ ಸ್ವರಕ್ಕೆ ಇಳಿಯುವುದು. ಆ ಸ್ವರ ಮುಟ್ಟುವವರೆಗೂ ತೋರುಬೆರಳು ಜಾಗ ಬಿಡಬಾರದು. ಮೊದಲೇ ಬೆಂಡ್ ಮಾಡಿಟ್ಟರೆ ಸ್ವರವನ್ನು ಕೇಳಿ ಸರಿಪಡಿಸಿಕೊಳ್ಳಲು ಅವಕಾಶವಿಲ್ಲ, ಆದ್ದರಿಂದ ಕೈಯ ಅಳತೆಯೂ ಇದರಲ್ಲೇ ಗಟ್ಟಿಯಾಯಿತು.

ಕೊನೆಗೆ ಯೂನಿಸನ್ ಬೆಂಡ್. ಎರಡನೇ ತಂತಿಯ 5ನೇ ಫ್ರೆಟ್ 'ಇ'. ಮೂರನೇ ತಂತಿಯ 7ನೇ ಫ್ರೆಟ್ಟನ್ನು ಅದೇ 'ಇ'ಗೆ ಏರಿಸಿ ಎರಡನ್ನೂ ಒಟ್ಟಿಗೆ ನುಡಿಸಬೇಕು. ತೋರುಬೆರಳು ಇಲ್ಲಿ ಸ್ವರ ಹಿಡಿದಿರುವುದರಿಂದ ನಾಲ್ಕನೇ ತಂತಿಯನ್ನು ಉಂಗುರ ಬೆರಳಿನ ತುದಿಯೇ ಸುಮ್ಮನಾಗಿಸಬೇಕು. ಫ್ಲೋಟಿಂಗ್ ಬ್ರಿಡ್ಜ್ (ತಂತಿಗಳನ್ನು ಹಿಡಿದಿಡುವ, ಸ್ಪ್ರಿಂಗಿನ ಬಲದಿಂದ ವಾಲಬಲ್ಲ ಭಾಗ) ಇರುವ ಗಿಟಾರಿನಲ್ಲಿ ಒಂದು ತಂತಿ ಬಿಗಿಯಾದರೆ ಬ್ರಿಡ್ಜ್ ಮುಂದಕ್ಕೆ ವಾಲಿ ಉಳಿದ ತಂತಿಗಳ ಶ್ರುತಿ ಇಳಿಯುತ್ತದೆ. ಅಂಥ ಗಿಟಾರ್ ಹಿಡಿದಾಗ ನಾನು ತೋರುಬೆರಳಿನ ಸ್ವರವನ್ನೂ ಕೂದಲೆಳೆಯಷ್ಟು ಮೇಲಕ್ಕೆ ತಳ್ಳುತ್ತೇನೆ.