ಪ್ರಸೆಂಟೇಶನ್ ಅಪ್‌ಲೋಡ್ ಮಾಡುವ ಮುನ್ನ ಅಕ್ಷರಗಳನ್ನು ಪರೀಕ್ಷಿಸಿ

ಪ್ರಸೆಂಟೇಶನ್‌ಗಳನ್ನು ಹಂಚಿಕೊಳ್ಳುವ ಜಾಲತಾಣವಾಗಿ 2006ರಲ್ಲಿ ಆರಂಭವಾದ ಸ್ಲೈಡ್‌ಶೇರ್ ಬೇಗನೆ ಬೆಳೆಯಲು, ಅಲ್ಲಿ ಹಾಕಿದ ಪ್ರಸೆಂಟೇಶನ್ ಅನ್ನು ಇತರರು ತಮ್ಮ ಜಾಲತಾಣದ ಪುಟದೊಳಗೇ ಅಳವಡಿಸಿಕೊಳ್ಳಬಹುದಾಗಿದ್ದುದು ಒಂದು ಕಾರಣವಾದರೆ, ಸ್ಲೈಡ್‌ಗಳಲ್ಲಿದ್ದ ಪಠ್ಯವನ್ನು ಹೊರತೆಗೆದು ಕೆಳಗೆ ಬರಹರೂಪದಲ್ಲಿ ಕೊಡುತ್ತಿದ್ದುದು ಇನ್ನೊಂದು. ನನ್ನ ದೃಷ್ಟಿಯಲ್ಲಿ ಎರಡನೆಯದೇ ಮುಖ್ಯ; ಸ್ಲೈಡಿನ ಅಂದಚೆಂದಕ್ಕಿಂತ ಅದರಲ್ಲಿನ ಅಕ್ಷರಗಳೇ ಹುಡುಕಾಟದಲ್ಲಿ ಓದುಗರನ್ನು ಕರೆತರುತ್ತವೆ.

ಆದ್ದರಿಂದ ಶೀರ್ಷಿಕೆಗಳನ್ನೂ ಮುಖ್ಯ ವಾಕ್ಯಗಳನ್ನೂ ಚಿತ್ರವಾಗಿ ಅಂಟಿಸದೆ, ಪಠ್ಯವಾಗಿಯೇ ಟೈಪ್ ಮಾಡಿ. ಕಡತವನ್ನು ಪಿಡಿಎಫ್‌ಗೆ ಪರಿವರ್ತಿಸಿದ ಬಳಿಕ ಅದರಿಂದ ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ ನೋಡಿ. ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಏಕರೂಪದ ಸಂಕೇತ ವ್ಯವಸ್ಥೆ) ಅಲ್ಲದ ಹಳೆಯ ಫಾಂಟ್ ಬಳಸಿದ್ದರೆ, ಪರದೆಯ ಮೇಲೆ ಅಚ್ಚುಕಟ್ಟಾಗಿ ಕಾಣುವ ಕನ್ನಡವೇ ಅಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿ ಬೀಳುತ್ತದೆ. ಯುನಿಕೋಡ್ ಬಳಸಿದ್ದರೂ ಕೆಲವೊಮ್ಮೆ ಒತ್ತಕ್ಷರಗಳು ಸ್ಥಾನಪಲ್ಲಟಗೊಳ್ಳುವುದುಂಟು. ಆಗ ಪರಿವರ್ತನೆಯ ವಿಧಾನವನ್ನು ಬದಲಿಸಿ ಮತ್ತೊಮ್ಮೆ ಪರೀಕ್ಷಿಸಿ. ಅದೂ ಕೈಗೂಡದಿದ್ದರೆ, ವಿವರಣೆಯ ಜಾಗದಲ್ಲಿ ನಾಲ್ಕಾರು ವಾಕ್ಯಗಳ ಸಾರಾಂಶವನ್ನಾದರೂ ಬರೆಯಿರಿ.

ಮೊದಲ ಸ್ಲೈಡ್ ಚಿಕ್ಕ ಚಿತ್ರವಾಗಿ ಕಾಣಿಸಿಕೊಳ್ಳುವುದರಿಂದ ಅದರಲ್ಲಿ ವಿಷಯದ ಹೆಸರು ದಪ್ಪ ಅಕ್ಷರಗಳಲ್ಲಿರಲಿ. ಸಂಸ್ಥೆಯ ಲಾಂಛನ ಕೊನೆಯ ಸ್ಲೈಡಿನಲ್ಲಿದ್ದರೆ ಸಾಕು.

ಇಂತಹ ಸೇವೆಗಳ ಒಡೆತನ ಬದಲಾಗುತ್ತಲೇ ಇರುತ್ತದೆ. ಸ್ಲೈಡ್‌ಶೇರ್ 2012ರಲ್ಲಿ ಲಿಂಕ್ಡ್‌ಇನ್‌ನ ಪಾಲಾಗಿ, 2020ರಲ್ಲಿ ದಾಖಲೆ, ಪುಸ್ತಕಗಳ ಜಾಲತಾಣವಾದ ಸ್ಕ್ರಿಬ್ಡ್‌ನ ಕೈಸೇರಿತು. ಒಡೆಯರು ಬದಲಾದಾಗ ನಿಯಮಗಳೂ ಸೌಲಭ್ಯಗಳೂ ಬದಲಾಗಬಹುದಾದ್ದರಿಂದ, ತಿದ್ದಲು ಬರುವ ಮೂಲ ಕಡತದ ಒಂದು ಪ್ರತಿ ಸದಾ ನಿಮ್ಮ ಬಳಿಯೇ ಇರಲಿ.