ತೊಳೆದ ಹಸುವನ್ನು ಕಾಯಿಸಬೇಡಿ: ಪೂರ್ತಿ ಹಾಲು ಕರೆಯುವ ಕ್ರಮ

ಕೆಲಸ ಬೇಗ ಮುಗಿಯಲೆಂದು ಕೊಟ್ಟಿಗೆಯ ಮೂರು ಹಸುಗಳ ಕೆಚ್ಚಲನ್ನೂ ಒಟ್ಟಿಗೆ ತೊಳೆದು, ಆಮೇಲೆ ಒಂದೊಂದನ್ನೇ ಕರೆಯಲು ಕೂರುವವರನ್ನು ನಾನು ಬಹಳ ಕಡೆ ನೋಡಿದ್ದೇನೆ. ಮೊದಲನೆಯ ಹಸು ಧಾರಾಳವಾಗಿ ಕೊಡುತ್ತದೆ. ಮೂರನೆಯದು ಹಾಲು ಕದ್ದಿಟ್ಟುಕೊಂಡಿತೆಂದು ಬೈಸಿಕೊಳ್ಳುತ್ತದೆ. ಅದು ಏನನ್ನೂ ಕದ್ದಿರುವುದಿಲ್ಲ. ತೊಳೆದಾಗ ಅದರ ಮಿದುಳು ರಕ್ತಕ್ಕೆ ಬಿಟ್ಟ, ಹಾಲಿಳಿಸುವ ಹಾರ್ಮೋನಾದ ಆಕ್ಸಿಟೋಸಿನ್, ನಾವು ಕೈ ಹಾಕುವ ವೇಳೆಗೆ ಕರಗಿಹೋಗಿರುತ್ತದೆ.

ಕೆಚ್ಚಲಿನ ಹಾಲಿನಲ್ಲಿ ಸುಮಾರು ಐದನೆಯ ಒಂದು ಭಾಗ ಮಾತ್ರ ಮೊಲೆತೊಟ್ಟಿನ ಮೇಲಿನ ಕುಳಿಯಲ್ಲಿರುತ್ತದೆ. ಉಳಿದದ್ದು ಒಳಗಿನ ಪುಟ್ಟ ಹಾಲುಚೀಲಗಳಲ್ಲಿದ್ದು, ಎಷ್ಟು ಹಿಂಡಿದರೂ ತಾನಾಗಿ ಇಳಿಯುವುದಿಲ್ಲ. ಆ ಚೀಲಗಳನ್ನು ಸುತ್ತುವರಿದ ಕೋಶಗಳು ಆಕ್ಸಿಟೋಸಿನ್ ತಲುಪಿದಾಗಲೇ ಬಿಗಿದು ಹಾಲನ್ನು ಕೆಳಕ್ಕೆ ದೂಡುತ್ತವೆ. ಈ ಹಾರ್ಮೋನು ತಯಾರಾಗುವುದು ಮಿದುಳಿನ ಹೈಪೊಥಲಾಮಸ್‌ನಲ್ಲಿ. ಅಲ್ಲಿಂದ ನರತಂತುಗಳೊಳಗೇ ಸಾಗಿ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ದಾಸ್ತಾನಾಗಿದ್ದು, ತೊಟ್ಟಿನ ಸ್ಪರ್ಶದ ಸುದ್ದಿ ಬೆನ್ನುಹುರಿಯ ಮೂಲಕ ಮಿದುಳಿಗೆ ಮುಟ್ಟಿದಾಗ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಇದರ ಸೋದರನಂತಿರುವ ವ್ಯಾಸೊಪ್ರೆಸಿನ್ ಕೂಡ ಅಲ್ಲಿಯೇ ಹುಟ್ಟುತ್ತದೆ. ಎರಡರಲ್ಲೂ ಒಂಬತ್ತು ಅಮೈನೊ ಆಮ್ಲಗಳಿದ್ದು, ವ್ಯತ್ಯಾಸವಿರುವುದು ಅವುಗಳ ಪೈಕಿ ಎರಡು ಆಮ್ಲಗಳಲ್ಲಿ ಮಾತ್ರ. ಆದರೆ ವ್ಯಾಸೊಪ್ರೆಸಿನ್ನನ್ನು ಹೊರಡಿಸುವುದು ಸ್ಪರ್ಶವಲ್ಲ, ರಕ್ತದಲ್ಲಿ ಲವಣಾಂಶ ಸಾಂದ್ರವಾಗುವುದು. ಹೊರಟ ಮೇಲೆ ಅದು ಮೂತ್ರಪಿಂಡಗಳಲ್ಲಿ ನೀರನ್ನು ಉಳಿಸುತ್ತದೆ. ಹಾಲಿನಲ್ಲಿ ಶೇ 87ರಷ್ಟು ನೀರೇ ಇರುವುದರಿಂದ, ನೀರಿನ ತೊಟ್ಟಿಯನ್ನು ಒಣಗಲು ಬಿಡುವವರು ಹಾಲು ಕಡಿಮೆಯೆಂದು ದೂರಬಾರದು.

ಮೊದಲ ಹಂತದಲ್ಲಿ ಹಸುವನ್ನು ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕಟ್ಟಿ, ತಿನ್ನಲು ಹಿಂಡಿಯನ್ನು ಇಡಿ.

ಎರಡನೆಯ ಹಂತವೇ ಹೆಚ್ಚಿನವರು ಎಡವುವ ಜಾಗ. ಉಗುರುಬೆಚ್ಚಗಿನ ನೀರಿನಿಂದ ತೊಟ್ಟುಗಳನ್ನು ತೊಳೆದು, ಶುಭ್ರವಾದ ಒಣಬಟ್ಟೆಯಿಂದ ಒರೆಸುತ್ತಾ ಅರ್ಧ ನಿಮಿಷವಾದರೂ ಮೃದುವಾಗಿ ನೀವಬೇಕು. ಸುಮಾರು ಒಂದು ನಿಮಿಷದಲ್ಲಿ ತೊಟ್ಟು ತುಂಬಿಕೊಂಡು ಬಿಗಿಯಾಗುತ್ತದೆ. ಹಸು ತೊರೆ ಬಿಟ್ಟಿತು, ಅಂದರೆ ಹಾಲನ್ನು ಕೆಳಕ್ಕಿಳಿಸಿತು ಎಂಬುದಕ್ಕೆ ಅದೇ ಗುರುತು. ಎಮ್ಮೆಗೆ ಇದರ ಎರಡರಷ್ಟು ಸಮಯ ಬೇಕಾಗಬಹುದು, ಏಕೆಂದರೆ ಅದರ ಕುಳಿಯಲ್ಲಿ ಮೊದಲೇ ಇಳಿದಿರುವ ಹಾಲು ತೀರಾ ಅಲ್ಪ. ಈ ಹೊತ್ತಿನಲ್ಲಿ ಬೈಗುಳ, ಹೊಡೆತ, ನಾಯಿ, ಅಪರಿಚಿತರು ಯಾವುದೂ ಬೇಡ. ಹೆದರಿದ ಹಸುವಿನ ಮಿದುಳು ಆಕ್ಸಿಟೋಸಿನ್ನನ್ನು ತಡೆಹಿಡಿಯುತ್ತದೆ. ಜೊತೆಗೆ ಹೆದರಿದಾಗ ಹೊರಡುವ ಹಾರ್ಮೋನು ಅಡ್ರಿನಲಿನ್ ಕೆಚ್ಚಲಿನ ರಕ್ತನಾಳಗಳನ್ನು ಸಂಕುಚಿಸಿ, ಬಿಡುಗಡೆಯಾದದ್ದೂ ತಲುಪದಂತೆ ಮಾಡುತ್ತದೆ. ಬಕೆಟ್ಟಿನ ಸದ್ದು ಕೇಳಿಯೇ ತೊರೆ ಬಿಡುವ ಹಸುಗಳಿವೆ. ಅಂಥವುಗಳ ಮುಂದೆ ಬಕೆಟ್ಟನ್ನು ಸುಮ್ಮನೆ ಕುಟ್ಟಬೇಡಿ.

ಇಲ್ಲಿ ಅಡ್ಡದಾರಿಯ ಮಾತನ್ನೂ ಹೇಳಬೇಕು. ಹೆಸರು, ವಿಳಾಸವಿಲ್ಲದ ಸಣ್ಣ ಬಾಟಲಿಗಳಲ್ಲಿ ಕದ್ದು ಮಾರುವ 'ಹಾಲಿಳಿಸುವ ಇಂಜೆಕ್ಷನ್' ಎಂದರೆ ಇದೇ ಆಕ್ಸಿಟೋಸಿನ್. ದಿನವೂ ಚುಚ್ಚಿದರೆ ಕೆಚ್ಚಲು ಹಸುವಿನ ಸ್ವಂತ ಹಾರ್ಮೋನಿಗೆ ಸರಿಯಾಗಿ ಓಗೊಡದಂತಾಗಿ, ಚುಚ್ಚದ ದಿನ ಹಾಲು ಪೂರ್ತಿ ಇಳಿಯುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇದರ ತಯಾರಿಕೆಯನ್ನು ಖಾಸಗಿ ಕಂಪನಿಗಳಿಂದ ತೆಗೆದು ಬೆಂಗಳೂರಿನ ಸರ್ಕಾರಿ ಔಷಧ ಕಂಪನಿ ಕೆಎಪಿಎಲ್‌ಗೆ ಮಾತ್ರ ಮೀಸಲಿಡಲು ಹೊರಟಿತು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಕಾನೂನು ಎತ್ತ ಹೋದರೂ, ಪಶುವೈದ್ಯರ ಚೀಟಿಯಿಲ್ಲದೆ ಆ ಬಾಟಲಿ ಕೊಟ್ಟಿಗೆಗೆ ಬರಕೂಡದು.

ಮೂರನೆಯದಾಗಿ, ಮೊದಲ ಎರಡು ಮೂರು ಧಾರೆಗಳನ್ನು ಕಪ್ಪುಬಣ್ಣದ ಬೇರೆ ಬಟ್ಟಲಿಗೆ ಹಿಂಡಿ, ಗರಣೆಯಿದ್ದರೆ ಕೆಚ್ಚಲುಬಾವನ್ನು ಶಂಕಿಸಿ.

ಆಮೇಲೆ ತಡಮಾಡದೆ, ಇಡೀ ಅಂಗೈಯಿಂದ ತೊಟ್ಟನ್ನು ಹಿಡಿದು ಐದರಿಂದ ಏಳು ನಿಮಿಷದೊಳಗೆ ಕರೆದು ಮುಗಿಸಿ. ಹೆಬ್ಬೆರಳನ್ನು ಮಡಚಿ ಗೆಣ್ಣಿನಿಂದ ಒತ್ತುವ ರೂಢಿ ತೊಟ್ಟನ್ನು ಗಾಯಗೊಳಿಸುತ್ತದೆ, ಆ ನೋವು ಮರುದಿನದ ತೊರೆಯನ್ನೂ ತಡೆಯುತ್ತದೆ. ಒಂದು ಹಸು ಪೂರ್ತಿ ಮುಗಿದ ಮೇಲೆಯೇ ಮುಂದಿನದಕ್ಕೆ ನೀರು ಹಾಕಿ.

ಕರೆದಾದ ಬಳಿಕ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸಿ ಹುಲ್ಲು ಹಾಕಿ ಹಸುವನ್ನು ಅರ್ಧ ಗಂಟೆ ನಿಲ್ಲಿಸಿಕೊಳ್ಳಿ; ತೊಟ್ಟಿನ ರಂಧ್ರ ಮುಚ್ಚಿಕೊಳ್ಳುವ ಮುಂಚೆಯೇ ಅದು ಸಗಣಿಯ ಮೇಲೆ ಮಲಗಬಾರದು.